ಅಕ್ಕ ಹಾಕಿದ ಹೋಲ್ಡ್

ಡಾಕ್ಟರ ಮುಂದೆ ಅಕ್ಕನ ಪರವಾಗಿ ಮಾತಾಡುವುದು ನನ್ನ ಕೆಲಸ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ಏಳು ವರ್ಷವಿದ್ದಾಗ ಅದು ಹೇಗೋ ನನ್ನ ಪಾಲಿಗೆ ಬಂತು, ಬಂದದ್ದು ಉಳಿಯಿತು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಂದೂವರೆ ವರ್ಷದ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಪೂರ್ತಿ ಹೋಗಿತ್ತು, ಹಾಗಾಗಿ ಮಾತೂ ಬರಲಿಲ್ಲ. ಒಂದೇ ಚಾಪೆಯ ಮೇಲೆ ಬೆಳೆದ ನನಗೆ ಅವಳ ಕೈಸನ್ನೆ ಅಪ್ಪ ಅಮ್ಮನಿಗಿಂತ ಚೆನ್ನಾಗಿ ಬರುತ್ತಿತ್ತು. ಅಂಗಡಿಗೆ, ನೆಂಟರ ಮನೆಗೆ, ಆಸ್ಪತ್ರೆಗೆ ಅವಳು ಹೊರಟರೆ ಜೊತೆಗೆ ನಾನು.

ಅವಳು ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿಟ್ಟಿದ್ದಳು. ಹಣೆಯ ಮೇಲೆ ಮೂರು ಬೆರಳು ಎಳೆದರೆ ಅಪ್ಪ, ವಿಭೂತಿಯಿಂದಾಗಿ. ಮೂಗಿನ ಎಡಕ್ಕೆ ಬೆರಳಿಟ್ಟರೆ ಅಮ್ಮ. ತುಟಿಯ ಹತ್ತಿರ ಐದೂ ಬೆರಳು ಕೂಡಿಸಿ ಬಿಡಿಸಿದರೆ ನಾನು, ಅಂದರೆ ಮಾತಾಡುವವಳು. ಕಾಲೇಜಿನಲ್ಲಿ ನನ್ನನ್ನು ಬಲ್ಲವರು ಇದನ್ನು ಕೇಳಿದರೆ ನಗುತ್ತಿದ್ದರು. ಅಲ್ಲಿ ನಾನು ಇಡೀ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಈಗ ಅನ್ನಿಸುತ್ತದೆ, ನನ್ನ ಪಾಲಿನ ಮಾತನ್ನೆಲ್ಲ ನಾನು ಅಕ್ಕನ ಹೆಸರಿನಲ್ಲಿಯೇ ಆಡಿ ಮುಗಿಸುತ್ತಿದ್ದೆನೇನೋ.

ಅಪ್ಪ ರಾಣೆಬೆನ್ನೂರಿನ ಕಡೆಯಿಂದ ಬಂದು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಪೀಣ್ಯಕ್ಕೆ ಹತ್ತಿರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಕ್ಕ ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಒಂದು ವರ್ಷ ತರಬೇತಿ ಪಡೆದು, ಪೀಣ್ಯ ಎರಡನೇ ಹಂತದ ಒಂದು ಖಾಸಗಿ ಕಾರ್ಖಾನೆಗೆ ಸೇರಿದ್ದಳು. ಅಲ್ಲಿ ಸಣ್ಣ ಸಣ್ಣ ಪಿನ್ನು, ಬುಷ್ಷುಗಳನ್ನು ಲೇತಿನಲ್ಲಿ ಕಡೆದು ದೊಡ್ಡ ಕಂಪನಿಗಳಿಗೆ ಕಳಿಸುತ್ತಿದ್ದರು. ಅಕ್ಕನದು ತಪಾಸಣೆಯ ವಿಭಾಗ. ಸಂಜೆ ಮನೆಗೆ ಬಂದು ಎರಡು ಸಲ ಸೋಪು ಹಾಕಿ ತೊಳೆದರೂ ಅವಳ ಕೈಯಲ್ಲಿ ಕಟಿಂಗ್ ಆಯಿಲ್ ವಾಸನೆ ಉಳಿಯುತ್ತಿತ್ತು.

ಅವಳ ಕೆಲಸ ಏನೆಂದು ನಾನು ಕಣ್ಣಾರೆ ಕಂಡದ್ದು ಒಂದೇ ಸಲ, ಒಂದು ಆಯುಧಪೂಜೆಯ ದಿನ. ಆ ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಲೇತುಗಳಿಗೆಲ್ಲ ಅರಿಸಿನ ಕುಂಕುಮ, ಬಾಳೆಕಂದು. ನೆಲದ ಮೇಲೆ ಪುರಿ ಚೆಲ್ಲಿತ್ತು. ಅಕ್ಕ ನನ್ನನ್ನು ತನ್ನ ಮೇಜಿನ ಹತ್ತಿರ ಕರೆದುಕೊಂಡು ಹೋದಳು. ಮೈಕ್ರೋಮೀಟರು, ಗೇಜುಗಳು, ಒಂದು ಭೂತಗನ್ನಡಿ, ಮೂರು ಡಬ್ಬಿಗಳಲ್ಲಿ ಮೂರು ಬಣ್ಣದ ಕಾರ್ಡು. ಮಾಲು ಸರಿಯಿದ್ದರೆ ಹಸಿರು. ಕೆಟ್ಟಿದ್ದರೆ ಕೆಂಪು. ಸರಿಯೋ ಕೆಟ್ಟದ್ದೋ ಹೇಳುವ ಮೊದಲು ಯಾರಾದರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿದ್ದರೆ ಹಳದಿ. ಹಳದಿಗೆ ಅವರು ಹೋಲ್ಡ್ ಎನ್ನುತ್ತಿದ್ದರು. ಪೂಜೆಯ ದಿನವೂ ಒಂದು ಟ್ರೇಗೆ ಹಳದಿ ಕಾರ್ಡು ತಂತಿಯಿಂದ ಕಟ್ಟಿತ್ತು. ಅದರ ಮೇಲೂ ಯಾರೋ ಕುಂಕುಮ ಇಟ್ಟಿದ್ದರು.

ಅವರ ಸೂಪರ್‌ವೈಸರು, ತಲೆ ನರೆತ ಒಬ್ಬರು, ನಗುತ್ತಾ ಬಂದರು.

"ನಿಮ್ಮಕ್ಕ ಹಳದಿ ಹಾಕಿದ್ರೆ ಮ್ಯಾನೇಜರ್ರೂ ಮುಟ್ಟಂಗಿಲ್ಲ ಕಣಮ್ಮಾ. ಹಾಕಿದೋರೇ ತೆಗೀಬೇಕು. ಹೋದ ತಿಂಗಳು ಲಾರಿ ಗೇಟಲ್ಲೇ ನಿಂತಿತ್ತು, ಡ್ರೈವರ್ ಎರಡು ಸಲ ಟೀ ಕುಡಿದ. ನಾನು ಕೈ ಮುಗಿದೆ, ಕಾಲು ಹಿಡೀತೀನಿ ಅಂದೆ. ಊಹೂಂ."

"ಆಮೇಲೆ?"

"ಆಮೇಲೇನು, ಇವಳು ಹೇಳಿದ್ದೇ ಸರಿ ಇತ್ತು. ಡ್ರಾಯಿಂಗೇ ಹಳೇದು ಕೊಟ್ಟಿದ್ರು." ಅಕ್ಕನ ಕಡೆ ತಿರುಗಿ ಎರಡೂ ಕೈ ಜೋಡಿಸಿ ತೋರಿಸಿದರು. ಅಕ್ಕ ಮುಖ ಗಂಭೀರ ಮಾಡಿಕೊಂಡು ಅವರ ಅಂಗಿಯ ಗುಂಡಿಗೆ ಒಂದು ಹಳದಿ ಕಾರ್ಡು ಸಿಕ್ಕಿಸಿದಳು. ಸುತ್ತ ಇದ್ದವರೆಲ್ಲ ನಕ್ಕರು. ಮನೆಯ ಹೊರಗೆ ಅವಳು ತಮಾಷೆ ಮಾಡುತ್ತಾಳೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮುಂದಿನ ವರ್ಷದ ಆಷಾಢದಲ್ಲಿ ಅವಳು ಮೊದಲ ಸಲ ಪಾಳಿ ಮುಗಿಯುವ ಮುಂಚೆಯೇ ಮನೆಗೆ ಬಂದಳು. ಕಿಬ್ಬೊಟ್ಟೆಯ ಬಲಕ್ಕೆ ಕೈ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ನಾನಾಗ ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಹತ್ತು ದಿನ ಮಾತ್ರೆ ನುಂಗಿದರೂ ನೋವು ಹೋಗಲಿಲ್ಲವೆಂದು ಮುಖ್ಯರಸ್ತೆಯ ಒಂದು ನರ್ಸಿಂಗ್ ಹೋಮಿಗೆ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿನ ಹೆಂಗಸರ ಡಾಕ್ಟರಿಗೆ ಆ ಭಾಗದಲ್ಲೆಲ್ಲ ಒಳ್ಳೆಯ ಹೆಸರಿತ್ತು. ಐವತ್ತರ ಹತ್ತಿರದ ವಯಸ್ಸು. ಮೂಗಿನ ಮೇಲೆ ಜಾರುವ ಕನ್ನಡಕವನ್ನು ಒಂದೇ ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದರು. ಕುರ್ಚಿಯ ಮೇಲೆ ಕೂರುವಷ್ಟರಲ್ಲಿ ಅಕ್ಕ ಆ ಸನ್ನೆಯನ್ನೇ ಅವರ ಹೆಸರು ಮಾಡಿಬಿಟ್ಟಿದ್ದಳು.

"ಕಿವಿ ಕೇಳಲ್ವಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಇಲ್ಲ ಮೇಡಂ. ಆದರೆ ಓದೋಕೆ ಬರೆಯೋಕೆ ಬರುತ್ತೆ."

ಅವರು ತಲೆಯಾಡಿಸಿ ಚೀಟಿ ಎಳೆದುಕೊಂಡರು. ಹೊರಗೆ ಜನ ತುಂಬಿದ್ದರು.

"ನೋವು ಎಷ್ಟು ದಿನದಿಂದ?"

"ಹತ್ತು ದಿನ ಆಯ್ತು."

"ಮುಟ್ಟು ಸರಿಯಾಗಿ ಆಗ್ತಿದೆಯಾ?"

"ಆಗುತ್ತೆ ಮೇಡಂ. ಸ್ವಲ್ಪ ಜಾಸ್ತಿ ಹೋಗುತ್ತೆ."

"ಎಷ್ಟು ದಿನ?"

"ಐದಾರು ದಿನ."

"ಮದುವೆ?"

"ಆಗಿಲ್ಲ."

"ಮಾಡೋ ಯೋಚನೆ ಇದೆಯಾ ಮನೇಲಿ?"

"ಇಲ್ಲ ಮೇಡಂ."

ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಕ್ಕನ ಕಣ್ಣು ಡಾಕ್ಟರ ತುಟಿಯಿಂದ ನನ್ನ ತುಟಿಗೆ, ನನ್ನ ತುಟಿಯಿಂದ ಡಾಕ್ಟರ ಪೆನ್ನಿಗೆ ಓಡಾಡುತ್ತಿತ್ತು. ನನ್ನ ತೋಳು ಮುಟ್ಟಿ, ಏನಂತೆ ಎಂದು ಕೇಳಿದಳು. ಆಮೇಲೆ, ಎಂದು ನಾನು ಕೈ ಆಡಿಸಿದೆ. ನಮ್ಮಿಬ್ಬರ ನಡುವೆ ನಾನು ಅತಿ ಹೆಚ್ಚು ಬಳಸುತ್ತಿದ್ದ ಸನ್ನೆ ಅದು.

ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನ ಅಳತೆಯನ್ನು ಮೂರು ಸಲ ನೋಡದೆ ಬರೆಯದವಳು ನಾನು. ಆ ದಿನ ಒಂದು ಉತ್ತರವನ್ನೂ ಅಳೆದು ಕೊಡಲಿಲ್ಲ. ಹತ್ತು ದಿನ ಎಂದರೆ ನಾನು ಗಮನಿಸಿ ಹತ್ತು ದಿನ. ಜಾಸ್ತಿ ಹೋಗುತ್ತದೆ ಎನ್ನುವುದು ಅಕ್ಕ ದೊಡ್ಡವಳಾದ ಹೊಸದರಲ್ಲಿ ಅಮ್ಮ ಯಾರಿಗೋ ಹೇಳುತ್ತಿದ್ದ ಮಾತು. ಅದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಕೇಳಿಸಿಕೊಂಡಿದ್ದೆ. ಆಮೇಲೆ ನಾವು ಅಕ್ಕತಂಗಿಯರು ಆ ವಿಷಯ ಮಾತಾಡಿರಲೇ ಇಲ್ಲ. ಮದುವೆಯ ಮಾತಂತೂ ಮನೆಯಲ್ಲಿ ಅವಳ ಎದುರಿಗೆ ಯಾರೂ ಎತ್ತಿರಲಿಲ್ಲ.

ಸ್ಕ್ಯಾನಿಂಗ್ ಆಯಿತು. ವರದಿಯ ಜೊತೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರಲು ಹೇಳಿದರು. ಆ ದಿನ ಅಕ್ಕ ಕೆಲಸಕ್ಕೆ ಹೋಗಿದ್ದಳು. ಅವಳಿಲ್ಲದೆ ನಾವು ಮೂವರೇ ಹೋದದ್ದು ಆಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

"ಅಂಡಾಶಯದ ಮೇಲೆ ನೀರು ತುಂಬಿದ ಗಡ್ಡೆ ಇದೆ. ಕೆಟ್ಟದ್ದರ ಥರ ಕಾಣಿಸ್ತಿಲ್ಲ, ಆದರೆ ದೊಡ್ಡದಿದೆ, ತೆಗೀಲೇಬೇಕು," ಎಂದರು ಡಾಕ್ಟರು. ಕನ್ನಡಕ ಮೇಲಕ್ಕೆ ತಳ್ಳಿ ಅಮ್ಮನ ಕಡೆ ತಿರುಗಿದರು. "ಹೇಗೂ ಹೊಟ್ಟೆ ತೆರೀತೀವಿ. ಹಾಗೇ ಗರ್ಭಕೋಶನೂ ತೆಗೆದುಬಿಡೋದು ಒಳ್ಳೇದು. ಬ್ಲೀಡಿಂಗ್ ಜಾಸ್ತಿ ಇದೆ ಅಂತ ಇವರು ಹೇಳಿದಾರೆ. ಮದುವೆ ಯೋಚನೆಯೂ ಇಲ್ಲವಂತೆ. ಇಂಥ ಮಕ್ಕಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಇದನ್ನೇ ಹೇಳೋದು. ತಿಂಗಳು ತಿಂಗಳು ತಾಪತ್ರಯ ಇರಲ್ಲ, ನಾಳೆ ನಿಮಗೆ ವಯಸ್ಸಾದಾಗ ಚಿಂತೆಯೂ ಇರಲ್ಲ."

ಅಕ್ಕನಿಗೆ ಆಗ ಇಪ್ಪತ್ತಾರು ದಾಟಿತ್ತು. ಡಾಕ್ಟರ ದನಿಯಲ್ಲಿ ಕಠಿಣವಾದದ್ದು ಏನೂ ಇರಲಿಲ್ಲ. ನಮ್ಮ ಹೊರೆಯನ್ನು ಸ್ವಲ್ಪ ಇಳಿಸುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಅಮ್ಮನ ಮುಖದಲ್ಲಿ ಕಂಡದ್ದೂ ಹೊರೆ ಇಳಿದ ನೆಮ್ಮದಿಯೇ. ಅಪ್ಪ ವರದಿಯ ಲಕೋಟೆಯನ್ನು ಮಡಿಚಿ ಬಿಡಿಸಿ ಮಾಡುತ್ತಿದ್ದರು.

ಸಂಜೆ ಅಮ್ಮ ರೊಟ್ಟಿ ತಟ್ಟುತ್ತಾ ನನ್ನನ್ನು ಕರೆದಳು.

"ನೋಡವ್ವಾ, ಅಕಿಗೆ ಗಡ್ಡಿ ತಗೀತಾರ ಅಂತ ಅಷ್ಟ ಹೇಳು. ಉಳಿದದ್ದು ಬ್ಯಾಡ."

"ಯಾಕಮ್ಮ?"

"ಗೊತ್ತಾಗಿ ಏನಾಗಬೇಕು?" ರೊಟ್ಟಿಯನ್ನು ತಿರುಗಿಸಿ ಹಾಕಿದಳು. "ದಿನಾ ಆ ಎಂಟನೇ ಮೈಲಿ ಬಸ್ ಸ್ಟಾಪಿನಾಗ ಒಬ್ಬಾಕಿನ ನಿಂದರತಾಳ. ಹಿಂದಿಂದ ಯಾರರ ಬಂದ್ರ ಹೆಜ್ಜಿ ಸಪ್ಪಳ ಕೇಳಂಗಿಲ್ಲ. ಬಾಯಿ ತಗದು ಕೂಗಾಕ ಬರಂಗಿಲ್ಲ. ಹತ್ತು ವರ್ಷಾತು, ಅಕಿ ಮನಿ ಸೇರೋತನ ನಾ ಎಷ್ಟು ದೇವರಿಗೆ ಕೈ ಮುಗೀತೀನಿ ಅಂತ ನಿಮಗ ಯಾರಿಗೂ ಗೊತ್ತಿಲ್ಲ."

"ಆಪರೇಷನ್ ಮಾಡಿಸಿದರೆ ಆ ಭಯ ಹೋಗುತ್ತಾ?"

"ಹೋಗಂಗಿಲ್ಲ," ಎಂದಳು ಅಮ್ಮ. "ಒಂದು ಕಡಿಮಿ ಆಗತೈತಿ."

ಅಕ್ಕ ಬಂದ ಮೇಲೆ ಮುಷ್ಟಿ ಕಟ್ಟಿ ಅವಳ ಹೊಟ್ಟೆಯ ಬಲಕ್ಕೆ ಇಟ್ಟು ತೋರಿಸಿದೆ: ಇಷ್ಟು ದೊಡ್ಡ ಗಡ್ಡೆ, ಕನ್ನಡಕದವರು ತೆಗೆಯುತ್ತಾರೆ. ಅಷ್ಟೇನಾ, ಎಂದು ಕೇಳಿದಳು. ಅಷ್ಟೇ, ಎಂದೆ. ಅವಳು ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ನಾನು ಪುಸ್ತಕ ತೆಗೆದೆ.

ಮುಂದಿನ ವಾರ ಒಂದು ಬೆಳಿಗ್ಗೆ ಅವಳನ್ನು ಸೇರಿಸಿದೆವು. ಮಾರನೆಯ ದಿನ ಎಂಟಕ್ಕೆ ಆಪರೇಷನ್. ಮೊದಲ ಮಹಡಿಯಲ್ಲಿ ಮೂರು ಮಂಚದ ಕೋಣೆ. ಬೇರೆ ಎರಡು ಮಂಚ ಖಾಲಿ ಇದ್ದವು. ಕಿಟಕಿಯಿಂದ ಹೆಸರಘಟ್ಟ ರಸ್ತೆಯ ಕಡೆ ತಿರುಗುವ ಲಾರಿಗಳು ಕಾಣುತ್ತಿದ್ದವು. ಹಾಸಿಗೆ ಸರಿಮಾಡಲು ಬಂದ ಆಯಾ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದಳು: "ಕಿವಿ ಕೇಳ್ಸಾಕಿಲ್ವಾ? ಅಯ್ಯೋ ಪಾಪ, ಎಷ್ಟು ಲಕ್ಸಣವಾಗವ್ಳೆ. ದೇವ್ರು ಇಂಗೆ ಮಾಡಬಾರ್ದಾಗಿತ್ತು."

ಏನಂತೆ, ಎಂದಳು ಅಕ್ಕ. ನೀನು ಚೆನ್ನಾಗಿದ್ದೀಯಂತೆ, ಎಂದು ನಾನು ಅರ್ಧ ಹೇಳಿದೆ. ಅಕ್ಕ ಆಯಾಳ ಕಡೆ ನೋಡಿ, ನೀನೂ, ಎಂದು ಬೆರಳು ತೋರಿಸಿದಳು. ಆಯಾ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು.

ಮಧ್ಯಾಹ್ನ ಸಿಸ್ಟರ್ ಒಂದು ಹಾಳೆ ತಂದರು. ಕೆಳಗೆ ಎರಡು ಗೆರೆಗಳಿದ್ದವು, ರೋಗಿಯ ಸಹಿಗೊಂದು, ಪೋಷಕರ ಸಹಿಗೊಂದು. ಸಿಸ್ಟರ್ ಪೋಷಕರ ಗೆರೆಯ ಮೇಲೆ ಬೆರಳಿಟ್ಟು ಅಪ್ಪನ ಮುಂದೆ ಹಿಡಿದರು. ಅಪ್ಪ ಸಹಿ ಹಾಕಿದರು. ಸಿಸ್ಟರ್ ಇನ್ನೊಂದು ಗೆರೆಯನ್ನು ಹಾಗೇ ಬಿಟ್ಟು ಹಾಳೆಯನ್ನು ಫೈಲಿಗೆ ಸೇರಿಸಿ, ಫೈಲನ್ನು ಮಂಚದ ಕಾಲಿನ ಬದಿಗೆ ನೇತುಹಾಕಿ ಹೋದರು.

ಅಕ್ಕ ಬಗ್ಗಿ ಫೈಲ್ ತೆಗೆದುಕೊಂಡಳು. ಕಾಗದ ಎಂದರೆ ಅವಳು ಓದುತ್ತಾಳೆ. ಅದು ಅವಳ ಕೆಲಸ. ಅಚ್ಚಾದದ್ದು ಕನ್ನಡದಲ್ಲಿತ್ತು, ಬಿಟ್ಟ ಜಾಗದಲ್ಲಿ ಮಾತ್ರ ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು. ಒಂದು ಪದ, ನಡುವೆ ಕೂಡಿಸುವ ಗುರುತು, ಆಮೇಲೆ ಉದ್ದನೆಯ ಇನ್ನೊಂದು ಪದ. ಅವಳು ಬೆರಳನ್ನು ನಡುವಿನ ಗುರುತಿನ ಮೇಲೆ ಇಟ್ಟು ನನ್ನ ಕಡೆ ನೋಡಿದಳು.

ಆಪರೇಷನ್ನಿನ ಹೆಸರು, ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಎರಡು ಬೆರಳು ಎತ್ತಿದಳು. ಅವಳ ಡ್ರಾಯಿಂಗುಗಳಲ್ಲಿ ಕೂಡಿಸುವ ಗುರುತು ಸುಮ್ಮನೆ ಬರುವುದಿಲ್ಲ. ಇಲ್ಲಿ ಎರಡು ಕೆಲಸ ಇವೆ, ನೀನು ಒಂದೇ ಹೇಳಿದೆ, ಎಂದಳು.

ಅಮ್ಮ ನನ್ನನ್ನು ನೋಡಿ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ನಮ್ಮ ಕೈಭಾಷೆಯಲ್ಲಿ ಆ ಅಂಗಕ್ಕೆ ಒಂದು ಸನ್ನೆಯೇ ಇರಲಿಲ್ಲ. ಬ್ಯಾಗಿನಿಂದ ನನ್ನ ನೋಟ್‌ಬುಕ್ ತೆಗೆದು ಹಿಂದಿನ ಪುಟದಲ್ಲಿ ಬರೆದೆ: ಗರ್ಭಕೋಶ.

ಅವಳು ಓದಿದಳು. ಆಮೇಲೆ, ಯಾರು ಹೇಳಿದ್ದು, ಎಂದು ಕೇಳಿದಳು. ಕನ್ನಡಕ ತಳ್ಳುವ ಸನ್ನೆ ಮಾಡಿದೆ. ಅವರು ಯಾರನ್ನು ಕೇಳಿದರು? ಹಣೆಯ ಮೇಲೆ ಬೆರಳು ಎಳೆದೆ, ಮೂಗನ್ನು ಮುಟ್ಟಿದೆ. ಕೊನೆಗೆ ನನ್ನ ಹೆಸರಿನ ಸನ್ನೆಯನ್ನೂ ನಾನೇ ಮಾಡಬೇಕಾಯಿತು.

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಾರ್ಖಾನೆಗೆ ಒಯ್ಯುತ್ತಿದ್ದ ಚೀಲವನ್ನೇ ಆಸ್ಪತ್ರೆಗೂ ತಂದಿದ್ದಳು. ಅದರ ಬದಿಯ ಜೇಬಿನಿಂದ ಒಂದು ಹಳದಿ ಕಾರ್ಡು ತೆಗೆದಳು. ಕಾರ್ಡಿನ ಮೇಲೆ ಅಚ್ಚಾದ ಸಾಲುಗಳು ಇಂಗ್ಲಿಷಿನವು, ಅವಳು ತುಂಬುತ್ತಿದ್ದುದು ಕನ್ನಡದಲ್ಲಿ. ಭಾಗದ ಹೆಸರಿನ ಜಾಗದಲ್ಲಿ, ಈಗಷ್ಟೇ ಓದಿದ ಪದವನ್ನು ದುಂಡಗೆ ಬರೆದಳು. ತಡೆದ ಕಾರಣ: ನನ್ನನ್ನು ಕೇಳಿಲ್ಲ. ಉತ್ತರ ಕೊಡಬೇಕಾದವರು: ಡಾಕ್ಟರ್. ತಡೆದವರು ಎಂಬಲ್ಲಿ ತನ್ನ ಸಹಿ, ಪಕ್ಕದಲ್ಲಿ ಕಾರ್ಖಾನೆಯ ತಪಾಸಣೆಯ ಸಂಖ್ಯೆ, ತಾರೀಕು. ತಂತಿಯನ್ನು ಫೈಲಿನ ಕ್ಲಿಪ್ಪಿಗೆ ಎರಡು ಸುತ್ತು ಸುತ್ತಿ ತಿರುಚಿದಳು.

"ಅದೇನವ್ವಾ ಅದು ಅಳ್ದಿ ಚೀಟಿ?" ಎಂದಳು ನೀರು ತಂದ ಆಯಾ. "ಯಂತ್ರ ಕಟ್ಟವ್ಳಾ?"

ಸಿಸ್ಟರ್ ಬಂದು ಅದನ್ನು ಬಿಚ್ಚಲು ಕೈ ಹಾಕಿದರು. ಅಕ್ಕ ಕಾರ್ಡಿನ ಮೇಲೆ ಅಂಗೈ ಇಟ್ಟಳು.

"ಹಾಕಿದವರೇ ತೆಗೆಯಬೇಕು ಸಿಸ್ಟರ್," ಎಂದೆ. ಸೂಪರ್‌ವೈಸರರ ಮಾತು ನನ್ನ ಬಾಯಿಂದ ತಾನಾಗಿ ಬಂದಿತ್ತು.

"ಏನ ಹಟ ಇಕಿದು," ಎಂದು ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಡಾಕ್ಟರ್ ಸಿಟ್ಟಾಗಿ ಕೈ ಬಿಟ್ರ ಏನ ಗತಿ? ನೋವು ಇಕಿಗಲ್ಲೇನು?"

ಅಮ್ಮನ ಮಾತು ಸುಳ್ಳಲ್ಲ. ಗಡ್ಡೆ ಹೊಟ್ಟೆಯಲ್ಲಿಯೇ ಇತ್ತು. ಮಧ್ಯಾಹ್ನ ಪೂರ್ತಿ ನಾವು ಮೂವರೂ ಆ ಕಾರ್ಡನ್ನು ನೋಡುತ್ತಾ ಕೂತಿದ್ದೆವು. ಅಕ್ಕ ಒಂದು ಮಗ್ಗುಲಾಗಿ ಮಲಗಿ ಫೈಲನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

ನಾಲ್ಕು ಗಂಟೆಗೆ ಡಾಕ್ಟರು ಬಂದರು. ಫೈಲ್ ಎತ್ತಿಕೊಂಡು ಕಾರ್ಡನ್ನು ಓದಿ, ನನ್ನ ಕಡೆ ತಿರುಗಿದರು.

"ಏನಿದು? ಏನಂತೆ ಇವಳಿಗೆ?"

ಅಕ್ಕನಿಗೆ ಹೇಗೆ ಬೇಸರವಾಯಿತು, ನಾವು ಹೇಗೆ ಮುಚ್ಚಿಟ್ಟೆವು, ಎಲ್ಲವನ್ನೂ ಒಪ್ಪವಾಗಿ ಹೇಳಬಲ್ಲವಳಾಗಿದ್ದೆ. ಅಕ್ಕ ಡಾಕ್ಟರನ್ನು ನೋಡುತ್ತಿರಲಿಲ್ಲ. ನನ್ನ ತುಟಿಯನ್ನು ನೋಡುತ್ತಿದ್ದಳು.

"ಅವಳನ್ನೇ ಕೇಳಿ ಮೇಡಂ," ಎಂದೆ. "ಬರೆದರೆ ಓದುತ್ತಾಳೆ."

"ಅಷ್ಟು ಟೈಮ್ ಎಲ್ಲಿದೆ ನನಗೆ? ಕೆಳಗೆ ಮೂವತ್ತು ಜನ ಕೂತಿದಾರೆ." ಹಾಳೆ ತಿರುಗಿಸಿ ಅಪ್ಪನಿಗೆ ಹೇಳಿದರು: "ನೀವು ಸಹಿ ಹಾಕಿದೀರಲ್ಲ, ಸಾಕು. ಇಂಥವರಿಗೆ ಆಪರೇಷನ್ ಅಂದರೆ ಹೆದರಿಕೆ ಇರುತ್ತೆ."

ಅಪ್ಪ ಎದ್ದು ನಿಂತರು. ಅವರು ದೊಡ್ಡವರ ಮುಂದೆ ಹೆಚ್ಚು ಮಾತಾಡುವವರಲ್ಲ.

"ಸಹಿ ಹಾಕೇನಿ ಮೇಡಂ. ಹಾಕಬಾರದಿತ್ತು," ಎಂದರು. "ನನ್ನ ಮಗಳು ಓದಾಕಿ ಬರಿಯಾಕಿ. ಅಕಿ ಸಹಿ ಇಲ್ಲದ ಪೀಣ್ಯದಾಗ ಒಂದು ಲಾರಿ ಗೇಟ್ ದಾಟಂಗಿಲ್ಲ. ಅಕಿ ಮೈಮ್ಯಾಲೆ ನಾನು ಹ್ಯಾಂಗ ಸಹಿ ಹಾಕಲಿ?"

ಡಾಕ್ಟರು ಫೈಲನ್ನು ಮಂಚದ ಮೇಲಿಟ್ಟು ಹೋದರು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡಳು. ಅಕ್ಕನಿಗೆ ನಾನು ಅಪ್ಪನ ಮಾತನ್ನು ಒಂದೂ ಬಿಡದೆ ಹೇಳಿದೆ. ಅವಳು ಲಾರಿ ಎಂಬಲ್ಲಿ ಸ್ವಲ್ಪ ನಕ್ಕು, ನಗುವಾಗ ನೋವಾಯಿತೆಂದು ಹೊಟ್ಟೆ ಹಿಡಿದುಕೊಂಡಳು.

ಅರ್ಧ ಗಂಟೆಯ ಮೇಲೆ ಡಾಕ್ಟರು ಒಬ್ಬರೇ ಮತ್ತೆ ಬಂದರು. ಕೈಯಲ್ಲಿ ಬರೆಯುವ ಪ್ಯಾಡ್ ಇತ್ತು. ಸ್ಟೂಲು ಎಳೆದುಕೊಂಡು ಅಕ್ಕನಿಗೆ ಎದುರಾಗಿ ಕೂತು, ಕನ್ನಡಕ ಸರಿಮಾಡಿಕೊಂಡು, ಕನ್ನಡದಲ್ಲಿ ನಿಧಾನವಾಗಿ ಬರೆದರು. ಔಷಧಿಯ ಚೀಟಿ ಬರೆದು ಬರೆದು ಅವರ ಅಕ್ಷರ ಕೆಟ್ಟಿತ್ತು. ಅಕ್ಕ ಒಂದು ಪದದ ಮೇಲೆ ಬೆರಳಿಟ್ಟು ಹುಬ್ಬು ಎತ್ತಿದಳು. ಡಾಕ್ಟರು ಅದನ್ನು ಬಿಡಿಸಿ ಮತ್ತೆ ಬರೆದರು.

ಮೊದಲ ಎರಡು ಪ್ರಶ್ನೆಗಳು ನಾನು ನಿಂತಲ್ಲಿಂದ ಕಂಡವು. ನೋವು ಯಾವಾಗಿನಿಂದ? ಅಕ್ಕ ಬರೆದಳು: ಯುಗಾದಿಗೆ ಒಂದು ವಾರ ಮುಂಚಿನಿಂದ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ? ಇಲ್ಲ. ಮೂರು ದಿನ. ಮೊದಲಿನಿಂದಲೂ ಹಾಗೇ.

ಡಾಕ್ಟರು ತಲೆ ಎತ್ತಿದರು. "ನೀವು ಹತ್ತು ದಿನ ಅಂದಿದ್ದಿರಿ."

"ಹೌದು ಮೇಡಂ."

"ಬ್ಲೀಡಿಂಗ್ ಜಾಸ್ತಿ ಅಂದಿರಿ. ಐದಾರು ದಿನ."

"ನಾನು ಅವಳನ್ನು ಕೇಳಿರಲಿಲ್ಲ," ಎಂದೆ.

ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. "ನಾನೂ ಕೇಳಬೇಕಿತ್ತು," ಎಂದರು, ನನಗೋ ತಮಗೋ ಹೇಳಿಕೊಂಡ ಹಾಗೆ. ಆಮೇಲೆ ಇನ್ನೊಂದು ಪ್ರಶ್ನೆ ಬರೆದರು. ಅಕ್ಕ ಅದನ್ನು ಓದಿ, ಪ್ಯಾಡನ್ನು ಎದೆಗೆ ಒರಗಿಸಿಕೊಂಡು, ನೀನು ಆಚೆ ಹೋಗು, ಎಂದು ನನಗೆ ಕೈ ತೋರಿಸಿದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅವರಿಬ್ಬರ ನಡುವೆ ಪ್ಯಾಡು ಐದಾರು ಸಲ ಆ ಕಡೆ ಈ ಕಡೆ ಹೋಯಿತು. ಏನು ಬರೆದುಕೊಂಡರೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೊನೆಯದೊಂದನ್ನು ಮಾತ್ರ ಡಾಕ್ಟರು ಅಪ್ಪನಿಗೆ ಓದಿ ಹೇಳಿದರು. ತೆರೆದು ನೋಡಿದಾಗ ಕೆಟ್ಟದ್ದೇನಾದರೂ ಕಂಡರೆ ಏನು ಮಾಡಲಿ ಎಂದು ಅವರು ಕೇಳಿದ್ದರಂತೆ. ಅಕ್ಕ ಬರೆದಿದ್ದಳು: ಜೀವಕ್ಕೆ ಅಪಾಯ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಗಡ್ಡೆ ಮಾತ್ರ.

ಡಾಕ್ಟರು ಫೈಲ್ ತೆಗೆದು ಕೂಡಿಸುವ ಗುರುತನ್ನೂ ಅದರ ಮುಂದಿನ ಉದ್ದನೆಯ ಪದವನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ಎದ್ದೇಳುವುದರಲ್ಲಿದ್ದರು. ಅಕ್ಕ ಅವರ ಕೋಟಿನ ತೋಳು ಮುಟ್ಟಿ, ಹೊಡೆದ ಗೆರೆಯ ಪಕ್ಕದಲ್ಲಿ ಬೆರಳು ತಟ್ಟಿದಳು.

"ಏನಂತೆ?" ಎಂದರು ಡಾಕ್ಟರು. ಆಮೇಲೆ ತಾವೇ ತಡೆದುಕೊಂಡು, ಪ್ಯಾಡನ್ನು ಅಕ್ಕನ ಮುಂದೆ ಹಿಡಿದರು.

ತಿದ್ದಿದ ಕಡೆ ಸಹಿ, ತಾರೀಕು, ಎಂದು ಅಕ್ಕ ಬರೆದಳು.

ಡಾಕ್ಟರು ಮೊದಲ ಸಲ ನಕ್ಕರು. "ನನ್ನ ಲೆಕ್ಕ ನೋಡೋ ಆಡಿಟರ್ ಕೂಡ ಇಷ್ಟು ಹಿಡಿಯಲ್ಲ," ಎಂದು ಅಪ್ಪನಿಗೆ ಹೇಳಿ, ಸಹಿ ಹಾಕಿ ತಾರೀಕು ಬರೆದರು. ಅಕ್ಕ ಅದನ್ನು ನೋಡಿದಳು. ಖಾಲಿ ಉಳಿದಿದ್ದ ರೋಗಿಯ ಗೆರೆಯ ಮೇಲೆ ತನ್ನ ಸಹಿ ಹಾಕಿದಳು. ತಂತಿಯನ್ನು ಬಿಚ್ಚಿ ಹಳದಿ ಕಾರ್ಡನ್ನು ತೆಗೆದು ಚೀಲದೊಳಗೆ ಇಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಆಪರೇಷನ್ ಆಯಿತು. ಗಡ್ಡೆ ಮಾತ್ರ ತೆಗೆದರು; ಬೇರೇನೂ ತೆಗೆಯುವ ಅಗತ್ಯ ಬರಲಿಲ್ಲ. ಎಚ್ಚರವಾದ ಮೇಲೆ ಅವಳು ಮೊದಲು ಮಾಡಿದ್ದು ಒಂದು ಹೊಸ ಸನ್ನೆ. ನೀರಿನ ಲೋಟ ಹಿಡಿದ ಹಾಗೆ ಅಂಗೈಯನ್ನು ಬಟ್ಟಲು ಮಾಡಿ ಕಿಬ್ಬೊಟ್ಟೆಯ ಹತ್ತಿರ ತಂದು, ಹುಬ್ಬು ಎತ್ತಿದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಇದೆ, ಎಂದೆ. ಅವಳು ಕಣ್ಣು ಮುಚ್ಚಿದಳು.

ಅಮ್ಮ ಎರಡು ದಿನ ಅವಳಿಗೆ ಗಂಜಿ ಕುಡಿಸಿದಳು, ತಲೆ ಬಾಚಿದಳು, ಆ ವಿಷಯ ಎತ್ತಲಿಲ್ಲ. ಮೂರನೇ ದಿನ, ನಾನು ಕೋಣೆಯಲ್ಲಿಲ್ಲ ಎಂದುಕೊಂಡು, ತನ್ನ ಒರಟು ಅಂಗೈಯನ್ನು ಹಾಗೇ ಬಟ್ಟಲು ಮಾಡಿ ಅಕ್ಕನ ಮುಂದೆ ಹಿಡಿದು, ಸರಿ ಇದೆಯಾ ಎನ್ನುವಂತೆ ತಲೆಯಾಡಿಸಿದಳು. ಅಕ್ಕ, ಸರಿ ಇದೆ, ಎಂದಳು. ಅಮ್ಮ ಸನ್ನೆಯಲ್ಲಿ ಅಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎಂಟನೇ ಮೈಲಿಯ ಬಸ್ ಸ್ಟಾಪಿನ ಭಯ ಅಮ್ಮನಿಗೆ ಹಾಗೇ ಇತ್ತು. ಆಮೇಲೆ ಅಪ್ಪ ನಿವೃತ್ತರಾಗುವವರೆಗೂ ತಮ್ಮ ಪಾಳಿ ಮುಗಿದ ಮೇಲೆ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ ಅವಳ ಜೊತೆ ಬರುತ್ತಿದ್ದರು. ಅಕ್ಕ ತನ್ನ ಗರ್ಭಕೋಶ ಯಾಕೆ ಬೇಕು ಎಂದು ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಲಿಗೆ ಬಿಚ್ಚಲು ಹೋದ ದಿನ ನಾನು ಎಂದಿನಂತೆ ಅವಳ ಹಿಂದೆ ಡಾಕ್ಟರ ಕೋಣೆಗೆ ಹೊರಟೆ. ಬಾಗಿಲ ಹತ್ತಿರ ಅವಳು ನಿಂತು, ನೀನು ಇಲ್ಲೇ ಕೂರು, ಎಂದು ಬೆಂಚು ತೋರಿಸಿದಳು. ಅವಳ ಕೈಯಲ್ಲಿ ಒಂದು ಸಣ್ಣ ಪುಸ್ತಕವಿತ್ತು. ಬಾಗಿಲು ಮುಚ್ಚಿತು. ನಾನು ಕೂತೆ. ಹದಿನೈದು ವರ್ಷದಲ್ಲಿ ಅವಳು ಒಳಗೆ, ನಾನು ಹೊರಗೆ ಇದ್ದದ್ದು ಅದೇ ಮೊದಲು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಹೊರಗೆ ಬಂದರು. "ಹೊಲಿಗೆ ಹತ್ತಿರ ಎಳೆದ ಹಾಗೆ ಆಗುತ್ತಾ ಅವರಿಗೆ? ರಾತ್ರಿ ನಿದ್ದೆ ಬರ್ತಿದೆಯಾ?" ಎಂದು ನನ್ನನ್ನು ಕೇಳಿದರು.

ಆಟೋ ಹಳ್ಳ ಇಳಿದು ಹತ್ತಿದಾಗ ಅವಳು ಹಲ್ಲು ಕಚ್ಚಿದ್ದನ್ನು ನೋಡಿದ್ದೆ. ಹೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟಿತ್ತು.

"ನನಗೆ ಗೊತ್ತಿಲ್ಲ ಸಿಸ್ಟರ್," ಎಂದೆ. "ಒಳಗೆ ಇದ್ದಾಳಲ್ಲ, ಅವಳನ್ನೇ ಕೇಳಿ."

"ಬರೆಯೋದಕ್ಕೆ ಪೆನ್ ಇದೆಯಾ? ಅವರ ಪೆನ್ ನಿಂತುಹೋಯ್ತು."

ನನ್ನ ಪೆನ್ನು ಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.